ಕಾಯಕದ ಲೆಕ್ಕ ಒಪ್ಪಿಸುವುದು



ಕಳೆದ ಅಮಾವಾಸ್ಯೆಯಂದು ಭಕ್ತರೊಬ್ಬರು ಮಠಕ್ಕೆ ಬಂದಿದ್ದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಪ್ರಸಾದವಾದ ಮೇಲೂ ಎದ್ದು ಹೋಗಲಿಲ್ಲ. ‘ಬುದ್ಧೀ, ಈ ಸಲವೂ ಬಡ್ತಿ ತಪ್ಪಿತು’ ಎಂದರು. ಗೆದ್ದಲು ಹಿಡಿದಿದ್ದ ಹಳೆಯ ದಾಖಲೆಗಳನ್ನು ಎರಡು ವರ್ಷ ಕುಳಿತು ಸರಿಪಡಿಸಿದವರು ಇವರು. ಹೆಸರು ಬಂದುದು ಇನ್ನೊಬ್ಬರಿಗೆ. ವರ್ಷದ ಕೊನೆಯಲ್ಲಿ ನೌಕರನು ತಾನು ಮಾಡಿದ ಕೆಲಸವನ್ನು ತಾನೇ ಬರೆದುಕೊಡುವ ನಮೂನೆಯಲ್ಲಿ ‘ವಹಿಸಿದ ಕೆಲಸ ಮಾಡಿದ್ದೇನೆ’ ಎಂದಷ್ಟೇ ಬರೆದಿದ್ದರಂತೆ. ‘ಏಕೆ ಬರೆಯಲಿಲ್ಲ?’ ಎಂದು ಕೇಳಿದೆವು. ತಲೆ ತಗ್ಗಿಸಿ, ‘ತನ್ನನ್ನು ತಾನು ಹೊಗಳಿಕೊಳ್ಳಬಾರದೆಂದು ತಾವೇ ಅಪ್ಪಣೆ ಕೊಡಿಸಿದ್ದಿರಲ್ಲವೇ ಬುದ್ಧೀ?’ ಎಂದರು.

ನಿಜ, ಈ ಪೀಠದಿಂದಲೇ ಹೇಳಿದ್ದೆವು. ಆದರೆ ಅರ್ಧ ಮಾತು ಹೇಳಿದ್ದೆವು. ಉಳಿದರ್ಧ ಹೇಳದ ದೋಷ ನಮ್ಮದು. ಅದನ್ನು ಇಂದು ಪೂರ್ತಿ ಮಾಡುತ್ತೇವೆ.

ಸಂಸ್ಕೃತದಲ್ಲಿ ಎರಡು ಶಬ್ದಗಳಿವೆ: ವಿಕತ್ಥನ, ನಿವೇದನ. ವಿಕತ್ಥನವೆಂದರೆ ಜಂಬ ಕೊಚ್ಚುವುದು. ಧೀರೋದಾತ್ತನಾದ ನಾಯಕನು ಅವಿಕತ್ಥನನಾಗಿರಬೇಕೆಂದು ಲಾಕ್ಷಣಿಕರು ಹೇಳುತ್ತಾರೆ. ನಿವೇದನವೆಂದರೆ ಇದ್ದುದನ್ನು ಇದ್ದಂತೆ ತಿಳಿಯಪಡಿಸುವುದು. ಮೊದಲನೆಯದು ಅಹಂಕಾರದಿಂದ ಹುಟ್ಟುತ್ತದೆ, ಎರಡನೆಯದು ಕರ್ತವ್ಯದಿಂದ. ನಾವು ವಿಕತ್ಥನವನ್ನು ನಿಷೇಧಿಸಿದೆವು. ಕೇಳಿದವರು ನಿವೇದನವನ್ನೂ ಬಿಟ್ಟರು.

ನಮ್ಮ ಶರಣರನ್ನು ನೋಡಿ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ. ಹೆಸರಿಗಿಂತ ಮೊದಲು ಕಾಯಕ. ತಾನು ಮಾಡುವ ಕೆಲಸ ಇಂಥದು ಎಂದು ಹೇಳಿಕೊಳ್ಳಲು ಹನ್ನೆರಡನೆಯ ಶತಮಾನದಲ್ಲಿ ಅವರಾರೂ ನಾಚಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದರು. ಜಂಗಮರಿಗೆ ಭಂಡಾರ ಬರಿದು ಮಾಡಿದರೆಂದು ಚಾಡಿಕೋರರು ದೂರಿದಾಗ ಅವರು ಮುನಿಸಿಕೊಂಡು ಮೂಲೆ ಸೇರಲಿಲ್ಲ. ಲೆಕ್ಕ ಒಪ್ಪಿಸಿದರು, ಭಂಡಾರದಲ್ಲಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಅಂದು ಬಸವಣ್ಣನವರು ಮೌನವಾಗಿದ್ದರೆ ಗೆಲ್ಲುತ್ತಿದ್ದುದು ಚಾಡಿಯೇ.

ಹಾಗೆಂದು ಅಳತೆ ಮೀರಬೇಡಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಇನ್ನೊಬ್ಬರ ಶ್ರಮವನ್ನು ನಿಮ್ಮ ಲೆಕ್ಕಕ್ಕೆ ಸೇರಿಸುವುದೂ ಆ ಹೆಚ್ಚಿನ ಅಕ್ಕಿಯೇ. ನಿಮ್ಮ ಶ್ರಮ ಇನ್ನೊಬ್ಬರ ಲೆಕ್ಕಕ್ಕೆ ಹೋಗುವಾಗ ಸುಮ್ಮನಿರುವುದು ಅಸತ್ಯಕ್ಕೆ ಸಾಕ್ಷಿಯಾದಂತೆ. ಅದನ್ನು ವಿನಯವೆಂದು ಕರೆಯಬೇಡಿ.

ಬರೆಯುವವರಿಗಿರುವಂತೆ ಓದುವ ಮೇಲಧಿಕಾರಿಗಳಿಗೂ ಧರ್ಮವಿದೆ. ಇಂಜಿನಿಯರರೊಬ್ಬರ ವಾರ್ಷಿಕ ವರದಿಯಲ್ಲಿ ಒಂದು ವರ್ಷ ‘ಉತ್ತಮ’ ಎಂದಿತ್ತು. ಬಡ್ತಿಗೆ ‘ಅತ್ಯುತ್ತಮ’ ಬೇಕಿತ್ತು. ಹಾಗೆ ಬರೆದ ಸಂಗತಿಯನ್ನೇ ಅವರಿಗೆ ತಿಳಿಸಿರಲಿಲ್ಲ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕು, ಆಗಲೇ ಅವನು ತನ್ನ ಮಾತು ಹೇಳಬಲ್ಲ ಎಂದು ತೀರ್ಪು ನೀಡಿತು. ಕೇಳುವ ಕಿವಿ ಮೇಲೆ, ಹೇಳುವ ಬಾಯಿ ಕೆಳಗೆ, ಎರಡೂ ತೆರೆದಿದ್ದರೆ ನ್ಯಾಯ.

ಆದುದರಿಂದ ಮಾಡಿದ ಕೆಲಸವನ್ನು ಅಂದಂದೇ ಒಂದು ಪುಸ್ತಕದಲ್ಲಿ ಬರೆದಿಡಿ. ದಿನಾಂಕ ಹಾಕಿ, ಎಷ್ಟು ಕಡತ, ಎಷ್ಟು ಅರ್ಜಿ ಎಂದು ಅಂಕಿ ಹಾಕಿ. ಜೊತೆಗೆ ದುಡಿದವರ ಹೆಸರು ಸೇರಿಸಿ, ಅದು ದಾಸೋಹ. ವಿಶೇಷಣ ಬೇಡ. ಒಪ್ಪಿಸಿದ ಮೇಲೆ ಫಲದ ಚಿಂತೆಯನ್ನು ಬಿಡಿ. ಲೆಕ್ಕ ಒಪ್ಪಿಸದೆ ಫಲವನ್ನು ಬಿಟ್ಟೆನೆಂದರೆ ಅದು ನಿಷ್ಕಾಮವಲ್ಲ, ಸಂಕೋಚ.

ಆ ಭಕ್ತರು ಮೊನ್ನೆ ಮತ್ತೆ ಬಂದಿದ್ದರು. ಬರೆದು ತಂದಿದ್ದ ಹಾಳೆಯನ್ನು ನಮ್ಮೆದುರು ಓದಿದರು, ಧ್ವನಿ ನಡುಗುತ್ತಿತ್ತು. ಕೊನೆಯ ಸಾಲಿನಲ್ಲಿ ಕಟ್ಟುಗಳನ್ನು ಹೊತ್ತು ತಂದುಕೊಟ್ಟ ಜವಾನನ ಹೆಸರಿತ್ತು. ಬಡ್ತಿ ಬರುವುದೋ ಬಿಡುವುದೋ, ಹಾಳೆಯಲ್ಲಿ ಸುಳ್ಳು ಒಂದಕ್ಷರವಿರಲಿಲ್ಲ. ‘ಹೀಗೆಯೇ ಕೊಡಿ’ ಎಂದು ಹರಸಿ ಕಳುಹಿಸಿದೆವು.