ಚೆಕ್ ಕೈಗೆ ಬಂದರೆ ಹಣ ಬಂದಂತಲ್ಲ



ಬಿಇ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು ಕಂಪ್ಯೂಟರ್ ವಿಷಯವನ್ನೇ ಹೇಳುತ್ತಾನೆ ಎಂದುಕೊಂಡು ಬಂದಿರುತ್ತೀರಿ. ನಾನು ಇವತ್ತು ಚೆಕ್ ಬಗ್ಗೆ ಮಾತಾಡುತ್ತೇನೆ. ಇಲ್ಲಿ ಕಲಿತ ಅನೇಕರು ಅಂಗಡಿ ಇಟ್ಟಿದ್ದೀರಿ, ಕಂಟ್ರಾಕ್ಟು ಮಾಡುತ್ತೀರಿ. ಮೊಬೈಲಿನಲ್ಲಿ ಹಣ ಕಳಿಸುವ ಈ ಕಾಲದಲ್ಲೂ ದೊಡ್ಡ ಮೊತ್ತಕ್ಕೆ ಚೆಕ್ ಕೊಡುವವರು ಇದ್ದೇ ಇದ್ದಾರೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ತಂದೆ ಮನೆಯಲ್ಲೇ ಊದುಬತ್ತಿ ಮಾಡಿಸಿ ಸಂತೇಪೇಟೆಯ ಅಂಗಡಿಗಳಿಗೆ ಹಾಕುತ್ತಿದ್ದರು. ದಸರಾಕ್ಕೆ ಮುಂಚೆ ಹೊರಗಿನ ವ್ಯಾಪಾರಿಯೊಬ್ಬರು ಮಾಲು ತೆಗೆದುಕೊಂಡು ಹದಿನೆಂಟು ಸಾವಿರದ ಚೆಕ್ ಕೊಟ್ಟರು. ಖಾತೆಯಲ್ಲಿ ಹಣವಿಲ್ಲವೆಂಬ ಚೀಟಿಯೊಂದಿಗೆ ಅದು ಬ್ಯಾಂಕಿನಿಂದ ವಾಪಸ್ಸು ಬಂತು. ಫೋನ್ ಮಾಡಿದರೆ "ಮುಂದಿನ ವಾರ ಹಾಕಿ ಸ್ವಾಮಿ" ಎನ್ನುತ್ತಿದ್ದರು. "ದೊಡ್ಡವರು, ಒತ್ತಾಯ ಮಾಡಿದರೆ ಚೆನ್ನಾಗಿರಲ್ಲ" ಎಂದು ಅಪ್ಪ ಸುಮ್ಮನಾದರು. ಆಗ ಚೆಕ್ಕಿಗೆ ಆರು ತಿಂಗಳ ಅವಧಿ. ಅದೂ ಮುಗಿಯಿತು. ಬತ್ತಿ ಹೊಸೆದ ಹೆಂಗಸರಿಗೆ ಕೂಲಿ ಕೊಡಲು ಅಮ್ಮನ ಓಲೆ ಗಿರವಿಗೆ ಹೋಯಿತು. ಆ ವರ್ಷ ಶಾಲೆಯ ಪ್ರವಾಸಕ್ಕೆ ನಾನು ಹೊಟ್ಟೆನೋವೆಂದು ಬರಲಿಲ್ಲ. ಗುರುಗಳೇ, ನಿಜವಾದ ಕಾರಣವನ್ನು ಇವತ್ತು ಹೇಳುತ್ತಿದ್ದೇನೆ.

ಅಪ್ಪನಿಗೆ ಗೊತ್ತಿರದಿದ್ದದ್ದು ಇದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಂತೆ, ಸಾಲ ತೀರಿಸಲು ಕೊಟ್ಟ ಚೆಕ್ ಹಣವಿಲ್ಲದೆ ಬೌನ್ಸ್ ಆಗಿ, ನೋಟಿಸ್ ಕೊಟ್ಟ ಮೇಲೂ ಹಣ ಕೊಡದಿದ್ದರೆ ಅದು ಅಪರಾಧ. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ಈ ಕಾನೂನು ದಿನ ಎಣಿಸುತ್ತದೆ. ಚೆಕ್ ವಾಪಸ್ಸಾದದ್ದು ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ಅದು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಬಿಲ್ಲು, ಮಾಲು ತಲುಪಿದ್ದಕ್ಕೆ ಸಹಿ, ಬ್ಯಾಂಕಿನ ಚೀಟಿ ಮೂರನ್ನೂ ಜೋಪಾನವಾಗಿಡಿ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಅವಧಿ ಮೂರೇ ತಿಂಗಳು; ತಡಮಾಡದೆ ಬ್ಯಾಂಕಿಗೆ ಹಾಕಿ.

ತೆಗೆದುಕೊಳ್ಳುವಾಗಲೇ ಒಂದು ನಿಮಿಷ ನೋಡಿ. ತಾರೀಖು, ನಿಮ್ಮ ಹೆಸರು, ಸಹಿ ಸರಿಯಾಗಿವೆಯೇ? ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ ಒಂದೇ ಇದೆಯೇ? ತಿದ್ದಿದ ಚೆಕ್ ಬೇಡವೇ ಬೇಡ. ಈಗ ಬ್ಯಾಂಕುಗಳ ನಡುವೆ ಓಡಾಡುವುದು ಚೆಕ್ಕಿನ ಚಿತ್ರ, ಕಾಗದವಲ್ಲ, ತಿದ್ದಿದ್ದು ವಾಪಸ್ಸಾಗುತ್ತದೆ. ಎರಡು ಗೆರೆ ಎಳೆದು 'ಅಕೌಂಟ್ ಪೇಯೀ' ಎಂದು ಬರೆಸಿ.

ಐವತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳಿಗೆ 2021ರ ಜನವರಿಯಿಂದ 'ಪಾಸಿಟಿವ್ ಪೇ' ಎಂಬ ವ್ಯವಸ್ಥೆ ಇದೆ. ಚೆಕ್ ಕೊಟ್ಟವರು ತಾರೀಖು, ಮೊತ್ತ, ಪಡೆಯುವವರ ಹೆಸರನ್ನು ಮೊದಲೇ ತಮ್ಮ ಬ್ಯಾಂಕಿಗೆ ತಿಳಿಸುತ್ತಾರೆ. ಚೆಕ್ ಬಂದಾಗ ಬ್ಯಾಂಕು ತಾಳೆ ನೋಡುತ್ತದೆ. "ಪಾಸಿಟಿವ್ ಪೇ ಮಾಡಿದ್ದೀರಾ?" ಎಂದು ಕೇಳಿ.

ಹೊಸ ಗಿರಾಕಿಯಾದರೆ ಹಣ ಖಾತೆಗೆ ಬಂದ ಮೇಲೆಯೇ ಮಾಲು ಕೊಡಿ. ಬ್ಯಾಂಕಿಗೆ ಚೆಕ್ ಹಾಕಿದ ಸ್ಲಿಪ್ಪಿನ ಫೋಟೋ, ಅವರ ಫೋನಿನಲ್ಲಿ ತೋರಿಸುವ ಮೆಸೇಜು ಯಾವುದೂ ಹಣವಲ್ಲ. ನಿಮ್ಮ ಖಾತೆಯನ್ನು ನೀವೇ ನೋಡಿ. ಹೆಚ್ಚಿನ ಮೊತ್ತಕ್ಕೆ ಚೆಕ್ ಕೊಟ್ಟು "ಮಿಕ್ಕಿದ್ದನ್ನು ಈಗಲೇ ವಾಪಸ್ ಕಳಿಸಿ" ಎಂದರೆ ಅಲ್ಲಿ ಮೋಸವಿದೆಯೆಂದೇ ತಿಳಿಯಿರಿ.

ನಮ್ಮ ಲೆಕ್ಕದ ಮೇಷ್ಟ್ರು ಉತ್ತರ ಬಂದ ಮೇಲೂ "ತಾಳೆ ನೋಡೋ" ಎನ್ನುತ್ತಿದ್ದರು. ಹಾಗೆ ನೋಡಿದರೆ ಲೆಕ್ಕಕ್ಕೆ ಅವಮಾನವೆಂದು ನಾವು ಯಾರೂ ಅಂದುಕೊಳ್ಳಲಿಲ್ಲ. ವ್ಯಾಪಾರದಲ್ಲೂ ಅಷ್ಟೇ. ನಮ್ಮ ದುಡಿಮೆಯ ಹಣ ಕೇಳುವುದು ಅಗೌರವವಲ್ಲ. ಅಪ್ಪನಿಗೆ ಈ ಮಾತನ್ನು ಆಗ ಹೇಳುವವರು ಇರಲಿಲ್ಲ. ಅದಕ್ಕೇ ಇವತ್ತು ನಿಮಗೆ ಹೇಳಿದ್ದೇನೆ.