ಆನೆ ಅಡ್ಡ ಇದ್ದದ್ದು ರಸ್ತೆಗೆ, ಫೋನಿಗಲ್ಲ

ನಾನು ಬೇಲೂರು ತಾಲ್ಲೂಕು ಬಿಕ್ಕೋಡಿನವನು. ಇವತ್ತು ಹೇಳ್ತಿರೋದು ನಮ್ಮವ್ವನ ಆಪರೇಷನ್ ಕತೆ ಅಲ್ಲ, ಅದಾಗಿ ಮನೆಗೆ ಬಂದ ಮೇಲಿನದು.

ಅವ್ವ ಕಾಫಿ ತೋಟದಲ್ಲಿ ಕೂಲಿ ಮಾಡಿ ನಮ್ಮನ್ನ ಓದಿಸಿದೋಳು. ಕೆಲಸದ ಮಧ್ಯೆ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು. ಕೆನ್ನೆ ಒಳಗಿನ ಹುಣ್ಣು ವಾಸಿಯಾಗ್ಲೇ ಇಲ್ಲ. ಕ್ಯಾನ್ಸರ್ ಅಂದ್ರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತಲ್ಲ, ಅದರಲ್ಲೇ ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ‘ಎಲ್ಲ ಮುಗೀತು’ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋನು ನಾನೇ.

ಮನೆಗೆ ಬಂದ ನಾಲ್ಕನೇ ದಿನ ರಾತ್ರಿ ಅವ್ವನ ಮೈ ಬಿಸಿಯಾಗಿತ್ತು. ಕುತ್ತಿಗೆ ಬ್ಯಾಂಡೇಜ್ ಒದ್ದೆ, ಕೆಟ್ಟ ವಾಸನೆ. ನಾನು ನೋಡಬಾರದು ಅಂತ ಸೆರಗು ಎಳ್ಕೊಂಡಿದ್ಲು. ಮಾತು ಬರ್ತಿರಲಿಲ್ಲ, ಸ್ಲೇಟಿನಲ್ಲಿ ಬರೆದ್ಲು: ‘ಏನಿಲ್ಲ, ಮಲಗು.’

ಅವತ್ತೇ ವಾಟ್ಸಾಪ್‌ನಲ್ಲಿ ಮೆಸೇಜು, ರಸ್ತೇಲಿ ಆನೆ ಇದಾವೆ ಅಂತ. ನಮ್ ಕಡೆ ಇದು ಹೊಸದಲ್ಲ. ಬೆಳಗ್ಗೆ ನೋಡೋಣ ಅಂತ ಮಲಗಿದೆ. ನಿಜ ಹೇಳ್ಲಾ? ಆನೆ ನೆಪ ಅಷ್ಟೆ. ಆ ಬ್ಯಾಂಡೇಜ್ ಬಿಚ್ಚಿ ನೋಡೋಕೆ ನನಗೆ ಧೈರ್ಯ ಇರಲಿಲ್ಲ. ವಾರ್ಡಿನ ನಂಬರ್ ಡಿಸ್ಚಾರ್ಜ್ ಚೀಟೀಲಿ ಇತ್ತು. ಆನೆ ಅಡ್ಡ ಇದ್ದದ್ದು ರಸ್ತೆಗೆ, ಫೋನಿಗಲ್ವಲ್ಲ.

ಬೆಳಗ್ಗೆ ಫೋನ್ ಮಾಡಿದಾಗ ಸಿಸ್ಟರ್ ಕೇಳಿದ್ರು: ಜ್ವರ ಎಷ್ಟಿದೆ? ಗಾಯದಿಂದ ಬರ್ತಿರೋದು ಕೀವಾ, ಜೊಲ್ಲಾ? ರಕ್ತ ಇದೆಯಾ? ಒಂದಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ. ಮನೇಲಿ ಥರ್ಮಾಮೀಟರೇ ಇರಲಿಲ್ಲ.

ತಿರುಗಿ ಬೆಂಗಳೂರು. ಬಾಯೊಳಗಿನ ಹೊಲಿಗೆ ಸ್ವಲ್ಪ ಬಿಟ್ಟು, ಜೊಲ್ಲು ಕುತ್ತಿಗೆ ಗಾಯದಿಂದ ಸೋರ್ತಿತ್ತು. ಇದಕ್ಕೆ ಫಿಸ್ಟುಲಾ ಅಂತಾರೆ. ಎಷ್ಟೋ ಸಲ ಡ್ರೆಸ್ಸಿಂಗ್ ಮಾಡ್ತಾ, ಬಾಯಿಗೆ ಏನೂ ಕೊಡದೆ ಟ್ಯೂಬಿನಲ್ಲೇ ಚೆನ್ನಾಗಿ ಆಹಾರ ಕೊಟ್ರೆ ಮುಚ್ಕೊಳ್ಳುತ್ತಂತೆ. ಕೆಲವರಿಗೆ ಇನ್ನೊಂದು ಆಪರೇಷನ್ ಬೇಕಾಗುತ್ತೆ. ಕುತ್ತಿಗೇಲಿ ದೊಡ್ಡ ರಕ್ತನಾಳ ಇರೋದ್ರಿಂದ, ಡ್ರೆಸ್ಸಿಂಗ್ ಮೇಲೆ ಹೊಸ ರಕ್ತ ಕಂಡ್ರೆ ಮಾತ್ರ ಒಂದು ನಿಮಿಷನೂ ಕಾಯಬೇಡಿ, ಒತ್ತಿ ಹಿಡ್ಕೊಂಡು 108ಕ್ಕೆ ಫೋನ್ ಮಾಡಿ ಅಂದ್ರು.

ಆಮೇಲೆ ಕಲಿತೆ. ರಾಗಿ ಅಂಬಲಿ ತೆಳ್ಳಗೆ ಕಾಸಿ ಬಟ್ಟೇಲಿ ಸೋಸೋದು. ಅವ್ವನ್ನ ಕೂರಿಸ್ಕೊಂಡೇ ಮೂಗಿನ ಟ್ಯೂಬಿಗೆ ನಿಧಾನಕ್ಕೆ ಬಿಡೋದು, ಕೊನೇಲಿ ನೀರು ಹಾಕಿ ಟ್ಯೂಬ್ ತೊಳೆಯೋದು, ತಕ್ಷಣ ಮಲಗಿಸದೇ ಇರೋದು. ಟ್ಯೂಬ್ ಜಾರಿದ್ರೆ ನಾವೇ ತಳ್ಳಬಾರದು.

ಅವಳೆದುರು ತಿನ್ನಬಾರದು ಅಂತ ನಾವೆಲ್ಲ ಅಡುಗೆಮನೇಲಿ ಕದ್ದು ಊಟ ಮಾಡ್ತಿದ್ವಿ. ಒಂದಿನ ಸ್ಲೇಟ್ ತಂದು ನನ್ನ ತಟ್ಟೆ ಪಕ್ಕ ಇಟ್ಲು: ‘ನನ್ ಮುಂದೆ ಕೂತ್ಕೊಂಡು ತಿನ್ರೋ.’ ಅವತ್ತಿಂದ ಟ್ಯೂಬಿನ ಅಂಬಲಿ, ನಮ್ಮ ಮುದ್ದೆ, ಎರಡೂ ಒಟ್ಟಿಗೆ.

ರೇಡಿಯೇಷನ್ ಆರು ವಾರದೊಳಗೆ ಶುರು ಆಗಬೇಕು ಅಂದಿದ್ರು. ಗಾಯ ಮುಚ್ಚೋದು ತಡವಾಗಿ ಏಳನೇ ವಾರ ಶುರುವಾಯ್ತು. ‘ನಾನು ಆ ರಾತ್ರಿ ಸುಮ್ನಿದ್ದಿದ್ದಕ್ಕಾ?’ ಅಂತ ಡಾಕ್ಟರ್‌ನ ಕೇಳ್ದೆ. ‘ಹೇಳೋಕಾಗಲ್ಲ’ ಅಂದ್ರು.

ವಾರ್ಡಿನ ನಂಬರ್ ಈಗ ನಮ್ಮನೆ ಗೋಡೆ ಮೇಲಿದೆ, ಕ್ಯಾಲೆಂಡರ್ ಪಕ್ಕ. ಬರೆದೋಳು ಅವ್ವ.