ಒಲೆಗಿಂತ ಮೊದಲು ಹಂಚು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹಳೆಯ ಅಡುಗೆಮನೆ ತೆಗೆದು ಹೊಸ ಕಟ್ಟೆ ಕಟ್ಟಿಸುವಾಗ ಏಳುವ ಪ್ರಶ್ನೆ: ಯಾವ ಒಲೆ ತರಬೇಕು? ಬೆಲೆಬಾಳುವ ಒಲೆಯನ್ನು ಆರಿಸಲು ಅಂಗಡಿಗೆ ಹೋಗುವವರು ಹೆಚ್ಚಾಗಿ ಅಪ್ಪ, ಮಗ. ರೊಟ್ಟಿ ಬಡಿಯುವವಳು ಅವ್ವ. ತೊಡಕು ಇಲ್ಲಿಯೇ ಇದೆ.

ಜೋಳದ ರೊಟ್ಟಿಯ ಹಂಚು ಅಗಲವಾದದ್ದು. ಅದರ ನಡುವಿಗಷ್ಟೇ ಉರಿ ತಾಗಿದರೆ ನಡು ಸೀಯುತ್ತದೆ, ಅಂಚು ಹಸಿಯಾಗಿ ಉಳಿಯುತ್ತದೆ. ಕಟ್ಟಿಗೆಯ ಒಲೆಯಲ್ಲಿ ಉರಿ ತಳವನ್ನೆಲ್ಲ ಆವರಿಸುತ್ತಿತ್ತು. ಆದ್ದರಿಂದ ನಾಲ್ಕು ಚಿಕ್ಕ ಬರ್ನರುಗಳಿಗಿಂತ ಒಂದಾದರೂ ದೊಡ್ಡ ಬರ್ನರು ಇರುವ ಒಲೆ ಮೇಲು. ಇಂಡಕ್ಷನ್ ಒಲೆ ಪಾತ್ರೆಯ ತಳದಲ್ಲಿಯೇ ವಿದ್ಯುತ್ ಪ್ರವಾಹ ಹುಟ್ಟಿಸಿ ಕಾಯಿಸುತ್ತದೆ. ಮಣ್ಣಿನ ಹಂಚು ಅದರ ಮೇಲೆ ಕಾಯುವುದೇ ಇಲ್ಲ. ಕಬ್ಬಿಣದ್ದು ಕಾಯುತ್ತದೆ, ಆದರೆ ತಳ ಸಪಾಟಾಗಿರಬೇಕು. ನಮ್ಮ ಹಂಚುಗಳಿಗೋ, ಹೊಟ್ಟೆ! ಗಾಜಿನ ಒಲೆ ನೋಡಲು ಚೆಂದ, ನಿಜ. ರೊಟ್ಟಿಗೆ ನೀರು ಸವರುವ ಮನೆಗೆ ಉಕ್ಕಿನದೇ ನಿಶ್ಚಿಂತೆ ಎಂದು ನನ್ನ ಅಭಿಪ್ರಾಯ.

ಇನ್ನು ಕಟ್ಟೆಯ ಎತ್ತರ. ನೆಲದ ಮೇಲೆ ಕುಳಿತು ಬಡಿದ ಕೈ ಈಗ ನಿಂತು ಬಡಿಯಬೇಕು. ಕಟ್ಟೆ ಎತ್ತರವಾದರೆ ಹತ್ತು ರೊಟ್ಟಿಗೇ ಭುಜ ನೋಯುತ್ತದೆ. ಗಾರೆಯವರು ಕೆಲಸ ಹಿಡಿಯುವ ಮೊದಲೇ ಅವ್ವನನ್ನು ನಿಲ್ಲಿಸಿ, ಅವಳ ಮೊಣಕೈಗಿಂತ ಕೆಳಗೆ ಗುರುತು ಹಾಕಿರಿ.

ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು; ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಸಿಲಿಂಡರು ಒಲೆಗಿಂತ ಕೆಳಗಿರಲಿ, ನೆಲದ ಹತ್ತಿರ ಗಾಳಿಗೆ ದಾರಿ ಇರಲಿ. ಒಲೆಯ ಮೇಲೆ ಐಎಸ್ 4246ರ ಐಎಸ್‌ಐ ಗುರುತು ಇದೆಯೇ, ಓದಿ ನೋಡಿ.

ಅಂಗಡಿಗೆ ಹೊರಡುವಾಗ ಅವ್ವನನ್ನು ಕರೆದೊಯ್ಯಿರಿ, ಚೀಲದಲ್ಲಿ ಹಂಚನ್ನೂ ಇಟ್ಟುಕೊಳ್ಳಿ. ಅಂಗಡಿಯವರು ನಕ್ಕರೆ ನಗಲಿ.